ಕ್ಲೈವ್ ಹೇಳುವ ಫಿಜಿ ಕಥೆ

ಬಂತು, ಆ ಕೆಮ್ಮು ಬಂತು, ಕೆಮ್ಮೂ ಅಲ್ಲ ಅದು, ಬರಲಿರುವ ನಗುವಿಗೆ ಮೊದಲೇ ಕುರ್ಚಿ ಎಳೆದಿಡುವ ಸದ್ದು, ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ಹಬೆಗೆ ಮುಖ ತಿರುಗಿಸಿ ನಿಂತಿದ್ದ ಜಾನಿಸಳಿಗೆ ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿದ್ದರೂ ಗೊತ್ತು, ಈಗ ಕ್ಲೈವ್ ಹಿಂದಕ್ಕೆ ಒರಗುತ್ತಾನೆ, ಈಗ ಎರಡೂ ಅಂಗೈ ಮೇಜಿನ ಮೇಲೆ ಹರಡುತ್ತಾನೆ, ಈಗ ಅನ್ನುತ್ತಾನೆ, ಮುದ್ದುಕೃಷ್ಣ ಅವ್ರೆ, ಫಿಜಿಯಲ್ಲಿ ನಮ್ಮ ಜಾನಿಸಳ ಕಥೆ ನಿಮಗೆ ಹೇಳ್ಲಿಲ್ಲ ಅಲ್ವಾ ನಾನು — ಅಂದ, ಅಂದೇ ಬಿಟ್ಟ, ತನ್ನ ಗಂಡ, ತನ್ನದೇ ಮನೆಯಲ್ಲಿ, ತಾನು ನಿನ್ನೆಯೇ ರುಬ್ಬಿಟ್ಟು ಈಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನ ಸಾನ್ನ ಬೇಯುತ್ತಿರುವಾಗ. ನಮ್ಮ ಜಾನಿಸಳ ಕಥೆಯಂತೆ. ಅವಳ ಕಥೆಯಾದರೆ ಅವಳನ್ನೊಂದು ಮಾತು ಕೇಳಬೇಡವೇ? ಅವಳ ಕಥೆಯಾದರೆ ಪ್ರತಿ ಸಲವೂ ಯಾಕೆ ಬದಲಾಗುತ್ತದೆ? ಮೊದಲ ಸಲ ಚರ್ಚಿನ ಅಂಗಳದಲ್ಲಿ ಹೇಳಿದಾಗ ಅದರಲ್ಲೊಂದು ಟವೆಲ್ ಇತ್ತು, ಹಸಿ ಟವೆಲ್, ವೆಸ್ಟ್ ಬೇಯ ತನ್ನ ಆಫೀಸಿನಲ್ಲಿ ಹೇಳುವಷ್ಟರಲ್ಲಿ ಟವೆಲ್ ಹೋಗಿ ಎಳನೀರಿನ ಟ್ರೇ ಬಂತು, ಆಮೇಲೆ ಯಾರದೋ ಹುಟ್ಟುಹಬ್ಬದಲ್ಲಿ ಅವಳಿಗೆ ಹೂವಿನ ಪ್ರಿಂಟಿನ ಅಂಗಿ ತೊಡಿಸಿದ, ಅಲ್ಲಿಯ ಹೋಟೆಲಿನವರ ಯೂನಿಫಾರ್ಮ್ ಹಾಗೆಯೇ ಉಂಟು ಮಾರಾಯ್ರೆ, ಇವಳು ಅದನ್ನೇ ಹಾಕಿದ್ಲು, ಯಾರಿಗಾದ್ರೂ ಕನ್‌ಫ್ಯೂಸ್ ಆಗ್ಬೇಕಾದ್ದೇ. ಸುಳ್ಳು. ಅವಳು ತೊಟ್ಟದ್ದು ಮಂಗಳೂರಿನಲ್ಲಿ ಹೊಲಿಸಿದ ನೀಲಿ ಕಾಟನ್ ಫ್ರಾಕ್, ಒಂದು ಹೂವೂ ಇರಲಿಲ್ಲ ಅದರಲ್ಲಿ, ಒಂದು ಎಲೆಯೂ ಇರಲಿಲ್ಲ. ಎಂಥ ಸಲೀಸಾಗಿ ತನ್ನ ಹೆಂಡತಿಯ ಬಟ್ಟೆ ಬದಲಾಯಿಸುತ್ತಾನೆ ನಾಲ್ಕು ಜನರ ಎದುರು! ಸಾನ್ನ ಬೆಂದಿದೆಯೋ ಎಂದು ಕಡ್ಡಿ ಚುಚ್ಚಿದಳು, ಬೆಂದಿತ್ತು, ಅಗತ್ಯಕ್ಕಿಂತ ಜೋರಾಗಿಯೇ ಚುಚ್ಚಿದಳು.

ಹೊರಗೆ ಮುದ್ದುಕೃಷ್ಣ, ಇಲ್ವಲ್ಲ ಕ್ಲೈವ್, ಹೇಳಿ ಹೇಳಿ, ಎನ್ನುತ್ತಿದ್ದಾರೆ, ಮೈಸೂರಿನವರು, ಮೊದಲು ದೋಹಾದ ಇದೇ ಬಿನ್ ಒಮ್ರಾನಿನಲ್ಲಿ ಇದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದವರು, ಈಗ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿ ಅಲ್ ಖೋರಿಗೆ ಹೋಗಿದ್ದಾರೆ, ಇವತ್ತು ಶುಕ್ರವಾರದ ಊಟಕ್ಕೆಂದು ಹೆಂಡತಿ ಕಾಂತಾಮಣಿಯನ್ನೂ ಕರೆದುಕೊಂಡು ಅಷ್ಟು ದೂರದಿಂದ ಬಂದಿದ್ದಾರೆ, ಕಾಂತಕ್ಕನಿಗಾಗಿ ಕಡಲೆ ಗಸಿ ಬೇರೆ ಪಾತ್ರೆಯಲ್ಲಿ, ಕೋಳಿಯ ಸೌಟು ಅದಕ್ಕೆ ತಾಗಬಾರದು, ಕಾಂತಕ್ಕ ಹೇಳುವವರಲ್ಲ, ಆದರೂ ಜಾನಿಸಳಿಗೆ ಗೊತ್ತು. ಊಟ ಯಾಕೆ? ಕ್ಲೈವನಿಗೆ ಪ್ರೊಮೋಷನ್ ಆಗಿದೆ. ಅದಕ್ಕೇ ಈ ಊಟ, ಅದಕ್ಕೇ ಜನವರಿಯಲ್ಲಿ ಈ ಕುಸ್ವಾರ್, ಕ್ರಿಸ್ಮಸ್ಸಿನ ತಿಂಡಿಗಳು, ಕ್ರಿಸ್ಮಸ್ ಮುಗಿದು ಮೂರು ರಾಜರ ಹಬ್ಬವೂ ಮುಗಿದ ಮೇಲೆ ಯಾರಾದರೂ ನೆವ್ರಿ ಕರಿಯುತ್ತಾರೆಯೇ, ಕುಲ್ಕುಲ್ ಸುರುಳುತ್ತಾರೆಯೇ, ಕ್ಲೈವ್ ಅಂದ, ಈ ವರ್ಷ ಮಿಸ್ ಆಯ್ತಲ್ಲ, ಈಗ ಮಾಡು, ಅವರಿಗೇನು ಗೊತ್ತಾಗ್ತದೆ ಡೇಟು. ಅವರಿಗೆ ಗೊತ್ತಾಗದಿದ್ದರೆ ಸಾಕು. ಅದೊಂದೇ ನೋಡು ಅವನ ಲೆಕ್ಕ ಈಗೀಗ, ಯಾರಿಗೆ ಗೊತ್ತಾಗುತ್ತದೆ, ಯಾರಿಗೆ ಗೊತ್ತಾಗುವುದಿಲ್ಲ. ಮಿಸ್ ಆಯಿತಂತೆ, ಬಸ್ಸು ಮಿಸ್ ಆದ ಹಾಗೆ. ಮಿಸ್ ಆದದ್ದಲ್ಲ, ಅವಳ ಕೈಯಿಂದ ತೆಗೆದುಕೊಂಡದ್ದು.

ನವೆಂಬರಿನಲ್ಲೇ ಕೊಯರಿನ ಅಭ್ಯಾಸ ಶುರುವಾಗಿತ್ತು, ಚರ್ಚಿನ ಕೊಂಕಣಿ ಪೂಜೆಗೆ ಹಾಡುವ ಕೊಯರು, ಆಲ್ಟೋ ದನಿಯ ಸಾಲಿನಲ್ಲಿ ಅವಳಿಲ್ಲದೆ ಆಗುವುದಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು, ಆಗ ಕ್ಲೈವ್ ಒಂದು ಸಂಜೆ ಶೂ ಬಿಚ್ಚದೆಯೇ ಒಳಗೆ ಬಂದು, ಜಾನಿಸ್, ಸಭರ್‌ವಾಲ್ ಸರ್ ನಮ್ಮನ್ನು ಫಿಜಿಗೆ ಕರೆದಿದ್ದಾರೆ, ಕ್ರಿಸ್ಮಸಿಗೆ, ಫ್ಯಾಮಿಲಿ ಸಮೇತ, ಅಂದ. ಸಭರ್‌ವಾಲ್ ಅವನ ಬಾಸ್, ದೆಹಲಿಯವರು, ಪ್ರಾಜೆಕ್ಟ್ ಮುಗಿದ ಖುಷಿ, ಟೀಮಿನಲ್ಲಿ ಬೇರೆ ಯಾರನ್ನೂ ಕರೆದಿಲ್ಲ, ನಮ್ಮನ್ನು ಮಾತ್ರ, ಅರ್ಥ ಆಗ್ತದಾ ನಿಂಗೆ? ಕ್ರಿಸ್ಮಸಿಗೆ ಚರ್ಚು, ಕ್ಲೈವ್, ಅಂದಳು. ಅಲ್ಲಿ ಚರ್ಚ್ ಇಲ್ವಾ, ಅಲ್ಲಿಯೂ ಕ್ರಿಶ್ಚನರೇ ಇರೋದು, ನಾನು ಕೇಳಿದ್ದೇನೆ, ಕ್ರಿಸ್ಮಸ್ ಬೆಳಿಗ್ಗೆ ಪೂಜೆಗೆ ನಾನೇ ಕರ್ಕೊಂಡು ಹೋಗ್ತೇನೆ, ಪ್ರಾಮಿಸ್, ಅಂದ, ಮೈರಾ ಸೋಫಾದ ಮೇಲೆ ಕುಣಿಯತೊಡಗಿದಳು, ಡ್ಯಾಡಾ, ಬೀಚ್ ಉಂಟಾ, ಡಾಲ್ಫಿನ್ ಉಂಟಾ, ಒಂಬತ್ತು ವರ್ಷದ ಮಗುವಿನ ಎದುರು ಯಾವ ತಾಯಿ ಬೇಡ ಅನ್ನುತ್ತಾಳೆ, ಅನ್ನಲಿಲ್ಲ, ಬದಲಿಗೆ ರಜೆ ಕೇಳಲು ಕ್ಲಿನಿಕ್ಕಿನ ಮ್ಯಾನೇಜರನ ಎದುರು ಕೈಕಟ್ಟಿ ನಿಂತಳು, ಎಕ್ಸ್‌ರೇ ತೆಗೆಯುವವರು ಇಬ್ಬರೇ, ಒಬ್ಬಳು ಹೋದರೆ ಇನ್ನೊಬ್ಬಳು ಎರಡು ಪಾಳಿ ಮಾಡಬೇಕು, ಹಿಂದಿನ ವಾರವಿಡೀ ತಾನೇ ಎರಡು ಪಾಳಿ ಮಾಡಿದಳು, ದಿನವಿಡೀ ಅದೇ ಮಾತು, ಖುದ್ ನಫಸ್, ಉಸಿರು ತಗೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಖಲಾಸ್, ಬಿಡಿ. ಆ ದುಡಿತದ ನಡುವೆಯೂ ಕುಸ್ವಾರ್ ಮಾಡಿ ಡಬ್ಬಿ ತುಂಬಿಸಿದಳು, ಸಮುದ್ರದ ನಡುವಿನ ದ್ವೀಪವಾದರೇನು, ಕ್ರಿಸ್ಮಸ್ ಕ್ರಿಸ್ಮಸ್ಸೇ, ಸಭರ್‌ವಾಲರ ಮನೆಯವರಿಗೂ ಕೊಡೋಣ ಎಂದುಕೊಂಡು — ಥೂ, ಅವರಿಗೂ ಕೊಡೋಣ ಎಂದುಕೊಂಡಿದ್ದಳಲ್ಲ! ಫಿಜಿಯ ನಾಂದಿ ವಿಮಾನ ನಿಲ್ದಾಣದಲ್ಲಿ ಕೈಗವುಸು ತೊಟ್ಟ ಅಧಿಕಾರಿ ಡಬ್ಬಿ ತೆರೆದು ಮೂಸಿ, ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ ಮೇಡಂ, ಎಂದು ಮೆತ್ತಗೆ ಹೇಳಿ ನೆವ್ರಿ, ಕುಲ್ಕುಲ್, ರೋಸ್‌ಕುಕ್ಕಿ ಎಲ್ಲ ದೊಡ್ಡ ಹಳದಿ ತೊಟ್ಟಿಗೆ ಸುರಿದ, ಅವನ ತಪ್ಪಿಲ್ಲ, ಅವನ ಕಾನೂನು, ಆದರೆ ಹಿಂದೆ ತಿರುಗಿ ನೋಡಿದರೆ ಕ್ಲೈವ್ ಎಲ್ಲಿ? ಕ್ಲೈವ್ ಅಷ್ಟು ಮುಂದೆ, ಸಭರ್‌ವಾಲರ ಹೆಂಡತಿಯ ಟ್ರಾಲಿ ತಳ್ಳುತ್ತಾ ನಗುತ್ತಾ ಹೋಗುತ್ತಿದ್ದ.

ಹೊರಗೆ ಕಥೆ ದೋಣಿ ಹತ್ತಿದೆ. ನೀರು ಅಂದ್ರೆ ನೀರು ಮಾರಾಯ್ರೆ, ಗಾಜಿನ ಹಾಗೆ, ಕೆಳಗೆ ಮೀನು ಕಾಣ್ತದೆ, ನಮ್ಮ ಪಣಂಬೂರು ಎಲ್ಲಿ, ಅದೆಲ್ಲಿ, ಎನ್ನುತ್ತಿದ್ದಾನೆ, ಕಾಂತಕ್ಕ, ಅಯ್ಯೋ ಎಷ್ಟ್ ಚೆಂದ ಅಲ್ವಾ, ಎನ್ನುತ್ತಿದ್ದಾರೆ. ಚೆಂದವೇ, ಇಲ್ಲವೆಂದಳೇ ಅವಳು? ದಂಡೆಯಲ್ಲಿ ಹೂಮಾಲೆ ಹಿಡಿದು ಬುಲಾ ಬುಲಾ ಎಂದು ಸ್ವಾಗತ ಹಾಡುತ್ತಾ ನಿಂತ ಜನ, ದೇವಕಣಗಿಲೆಯಂಥದೇ ಹೂವನ್ನು ಕಿವಿಗೆ ಸಿಕ್ಕಿಸಿದ ಹೆಂಗಸು, ಬಿಸಿಯಾದ ಉಪ್ಪುಗಾಳಿ, ಒಂದು ಕ್ಷಣ ಉಳ್ಳಾಲದ ಕಡಲ ದಂಡೆಯಲ್ಲೇ ಇಳಿದ ಹಾಗಾಗಿ ಕಣ್ಣು ತುಂಬಿತ್ತು, ಆ ಮರಗಳು, ಪುಟ್ಟ ಹಲಸಿನಂಥ ನಮ್ಮ ಜೀಗುಜ್ಜೆ, ತೆಂಗು, ಹಾಗಲ ಬಳ್ಳಿ, ನಮ್ಮದೇ ಗಿಡಗಳು ಬೇರೆ ಹೆಸರಿನಲ್ಲಿ. ಮತ್ತು ನಮ್ಮದೇ ಮುಖಗಳು. ಅಡುಗೆಮನೆಯ ಕಡೆಯಿಂದ ಬರುವ, ಹಾಸಿಗೆ ಸರಿಪಡಿಸುವ, ನೆಲ ಒರೆಸುವ ಹೆಂಗಸರಲ್ಲಿ ಅರ್ಧದಷ್ಟು ಜನ ಹಿಂದೂಸ್ತಾನದಿಂದ ಕಬ್ಬಿನ ಗದ್ದೆಗೆ ಎಂದೋ ಹೋದವರ ಮೊಮ್ಮಕ್ಕಳ ಮಕ್ಕಳು, ಅವಳದೇ ಬಣ್ಣ, ಅವಳದೇ ಜಡೆ, ಮುರಿದು ಜೋಡಿಸಿದಂಥ ಹಿಂದಿ. ಹಾಗಾಗಿ ಅವಳನ್ನೂ ಅವರಲ್ಲೊಬ್ಬಳೆಂದು ತಪ್ಪು ತಿಳಿದದ್ದು ತಪ್ಪಲ್ಲ. ಇದನ್ನು ಅವಳು ಎಷ್ಟು ಸಲ ತನಗೇ ಹೇಳಿಕೊಂಡಿಲ್ಲ, ತಪ್ಪು ತಿಳಿದದ್ದು ತಪ್ಪಲ್ಲ, ಮುದುಕಿ, ಕಣ್ಣು ಮಂಜು, ಹಿಂದಿನ ಸಂಜೆಯಷ್ಟೇ ಮೆಲ್ಬೋರ್ನಿನ ಮಗನ ಮನೆಯಿಂದ ಬಂದಿಳಿದವರು, ಸಭರ್‌ವಾಲರ ಅತ್ತೆ, ಎಲ್ಲರೂ ಮಾತಾಜಿ ಅನ್ನುತ್ತಾರೆ, ಅವರು ಜಾನಿಸಳನ್ನು ನೋಡಿಯೇ ಇರಲಿಲ್ಲ. ಮಾತಾಜಿಯ ಮೇಲೆ ಅವಳಿಗೇನೂ ಇಲ್ಲ. ಇಲ್ಲವೇ? ಇದೆ, ಸ್ವಲ್ಪ ಇದೆ, ಕೆಲಸದವಳೇ ಆದರೂ ಹಾಗೆ ಬೆರಳು ಮಡಚಿ ಕರೆಯುತ್ತಾರೆಯೇ, ಏ ಲಡ್ಕೀ — ಆದರೆ ಅದು ಬೇರೆ ಸಿಟ್ಟು, ಅದು ಚಿಕ್ಕ ಸಿಟ್ಟು.

ನೆಲ ಒರೆಸುವುದರಲ್ಲಿ ಅವಮಾನ ಏನುಂಟು, ಅವಳ ಅಮ್ಮ ಕಂಕನಾಡಿಯ ಕಡೆಯ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದವಳು, ಹೆರಿಗೆ ವಾರ್ಡಿನ ರಕ್ತ ಒರೆಸಿದ ಕೈ ಅದು, ಸಂಜೆ ಲೈಫ್‌ಬಾಯ್ ಸೋಪು ಹಾಕಿ ಮೊಣಕೈವರೆಗೆ ತೊಳೆದು ಶಿಲುಬೆಯ ಗುರುತು ಹಾಕಿ ಊಟಕ್ಕೆ ಕೂರುತ್ತಿತ್ತು, ಯಾರ ಎದುರೂ ತಗ್ಗಿದ ತಲೆಯಲ್ಲ, ಒಮ್ಮೆ ಯಾರೋ ದೊಡ್ಡ ಮನೆಯವರು, ಏ ಆಯಾ, ಎಂದಾಗ, ನನಗೆ ಫಿಲೋಮಿನಾ ಅಂತ ಹೆಸರುಂಟು, ನಿಮ್ಮ ಮಗು ಹುಟ್ಟುವಾಗ ಮೊದಲು ಎತ್ತಿಕೊಂಡದ್ದು ನಾನು, ಎಂದಿದ್ದಳಂತೆ. ಹಾಗೆ ಒಂದು ಮಾತು. ಒಂದೇ ಮಾತು ಸಾಕಿತ್ತು ಅವತ್ತು, ಅದನ್ನು ಜಾನಿಸ್ ಹೇಳಬೇಕಿತ್ತೋ ಕ್ಲೈವ್ ಹೇಳಬೇಕಿತ್ತೋ, ಅವಳು ಕ್ಲೈವನನ್ನು ನೋಡಿದಳು, ಕ್ಲೈವನ ಕೈ ಮೇಲೆ ಹೋಯಿತು, ತಲೆಯ ಕಡೆಗೆ — ಬೇಡ, ಸಾನ್ನ ತಣ್ಣಗಾಗುತ್ತದೆ. ಬಟ್ಟಲಿನಿಂದ ಒಂದೊಂದೇ ಬಿಡಿಸಿ ತಟ್ಟೆಗೆ ಹಾಕು, ಒಂದರ ಅಂಚು ಹರಿಯಿತು, ಅದನ್ನು ಕ್ಲೈವನಿಗಿಡು.

ಮಾತು ಬಾರದವನಲ್ಲ ಅವನು. ಅದೇ ಅಲ್ಲವೇ ಉರಿಯುವುದು. ಮದುವೆಯಾಗಿ ದೋಹಾಕ್ಕೆ ಬಂದ ಹೊಸತರಲ್ಲಿ, ಆಗ ಕ್ಲೈವನಿಗೆ ಕಾರೂ ಇರಲಿಲ್ಲ, ಕೆಳಗಿನ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದ ಅವಳ ಕೈಯಿಂದ ಕಟ್ಟು ಕಿತ್ತುಕೊಂಡು ಅಂಗಡಿಯವನು, ಮುಟ್ಟಬೇಡ, ತಗೊಳ್ಳೋದಾದ್ರೆ ತಗೊ, ಎಂದು ಗದರಿದಾಗ ಈ ಕ್ಲೈವ್, ಇದೇ ಕ್ಲೈವ್, ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು, ನನ್ನ ಹೆಂಡತಿಯ ಹತ್ರ ಹೀಗೆ ಮಾತಾಡ್ತೀಯಾ, ಸಾರಿ ಹೇಳು, ಈಗ ಹೇಳು, ಎಂದು ಎಷ್ಟು ಗಲಾಟೆ ಮಾಡಿದ್ದನೆಂದರೆ ಹೊರಗೆ ಜನ ನಿಂತಿದ್ದರು, ಅವಳಿಗೇ ನಾಚಿಕೆಯಾಗಿ, ಬಿಡು ಕ್ಲೈವ್, ಕೊತ್ತಂಬರಿಗೆ ಇಷ್ಟೆಲ್ಲ ಯಾಕೆ, ಎಂದಿದ್ದಳು, ಕೊತ್ತಂಬರಿಗಲ್ಲ ಜಾನಿಸ್, ನಿಂಗೆ, ಅಂದಿದ್ದ. ಆ ರಾತ್ರಿ ಕೊತ್ತಂಬರಿ ಇಲ್ಲದ ಸಾರು ಉಂಡರು, ಅಷ್ಟು ರುಚಿಯ ಸಾರು ಆಮೇಲೆ ಯಾವತ್ತೂ ಆಗಲಿಲ್ಲ. ಆ ಮನುಷ್ಯ ಎಲ್ಲಿ ಹೋದ? ವೆಸ್ಟ್ ಬೇಯ ಯಾವ ಲಿಫ್ಟಿನಲ್ಲಿ, ಎಷ್ಟನೇ ಮಹಡಿಯಲ್ಲಿ ಇಳಿದು ಹೋದ?

ಡೈನಿಂಗ್ ಟೇಬಲಿನ ಕಡೆಯಿಂದ ಮುದ್ದುಕೃಷ್ಣರ ನಗು, ಹೌದಾ, ಆಮೇಲೆ ಏನಾಯ್ತು ಗುರೂ — ಆಮೇಲೆ ಏನಾಯಿತು, ಆಮೇಲೆ ಏನಾಯಿತೆಂದರೆ ಬೆಳಗಿನ ತಿಂಡಿಯ ಹೊತ್ತು, ಹುಲ್ಲು ಹೊದಿಸಿದ ದೊಡ್ಡ ಚಪ್ಪರದಂಥ ಜಾಗ, ಸುತ್ತ ಗೋಡೆಯಿಲ್ಲ, ಹೊರಗೆ ಜಿಟಿಜಿಟಿ ಮಳೆ, ಸಮುದ್ರ ಆಕಾಶ ಎರಡೂ ಬೂದಿ ಬಣ್ಣ, ಕ್ಲೈವ್ ಮೈರಾಳನ್ನು ಕರೆದುಕೊಂಡು ಮೊದಲೇ ಹೋಗಿದ್ದ, ಕೋಣೆಯಲ್ಲಿ ಅವಳಿಗಾಗಿ ಕಾಯಲಿಲ್ಲ, ಸರ್ ಬಂದಿರ್ತಾರೆ, ನೀನು ಬಾ, ಅಂದಿದ್ದ, ಅವಳು ಹೋಗುವಾಗ ಎಲ್ಲರೂ ಉದ್ದ ಮೇಜಿನ ಸುತ್ತ ಕೂತಾಗಿತ್ತು, ಸಭರ್‌ವಾಲ್ ಫೋನಿನಲ್ಲಿ, ಅವರ ಹೆಂಡತಿ ದೋಸೆಯಂಥ ಯಾವುದನ್ನೋ ಕತ್ತರಿಸುತ್ತಾ, ಮಾತಾಜಿ ತುದಿಯಲ್ಲಿ, ಅವರ ಪಕ್ಕ ಮೈರಾ, ಎದುರು ಕ್ಲೈವ್. ಮಾತಾಜಿಯ ಮೊಣಕೈ ತಾಗಿ ಪಪ್ಪಾಯಿ ಜ್ಯೂಸಿನ ಗ್ಲಾಸು ಉರುಳಿತು, ನೆಲದ ಮೇಲೆಲ್ಲ ಕೇಸರಿ, ಅವರು ತಿರುಗಿದರು, ಹಿಂದೆ ಜಾನಿಸ್ ನಿಂತಿದ್ದಳು, ಕೂರಲು ಕುರ್ಚಿಯ ಬೆನ್ನಿಗೆ ಕೈಯಿಟ್ಟುಕೊಂಡು, ಏ ಲಡ್ಕೀ, ಇದನ್ನು ಒರೆಸು, ಬೇಗ, ಸೀರೆಗೆ ತಾಗುತ್ತದೆ, ಎಂದರು ಹಿಂದಿಯಲ್ಲಿ, ಪೇಪರ್ ನ್ಯಾಪ್ಕಿನ್ನಿನ ಕಂತೆಯನ್ನು ಅವಳತ್ತ ನೂಕಿದರು. ಸಭರ್‌ವಾಲರ ಹೆಂಡತಿಯ ಚಾಕು ನಿಂತಿತು. ಆಮೇಲೆ ಮತ್ತೆ ಕತ್ತರಿಸತೊಡಗಿತು. ಜಾನಿಸ್ ಕ್ಲೈವನನ್ನು ನೋಡಿದಳು, ಅವನೂ ನೋಡಿದ, ನೋಡಿದ, ಕೇಳಿದ, ಅವನ ಕೈ ಮೇಲೆ ಹೋಯಿತು — ಅವಳ ಮೊಣಕಾಲು ತಾನಾಗಿ ಮಡಚಿತು. ಅದನ್ನು ಹೇಗೆ ಕ್ಷಮಿಸುವುದು, ಆ ಮೊಣಕಾಲನ್ನು, ಅಮ್ಮನ ಮಗಳ ಮೊಣಕಾಲನ್ನು, ಒದ್ದೆ ಕಾಗದ ಹಿಂಡಿ ಹಿಂಡಿ ಒರೆಸಿದಳು, ಮೇಜಿನ ಕೆಳಗೆ ಮೈರಾಳ ಪುಟ್ಟ ಚಪ್ಪಲಿಯ ಸುತ್ತಲೂ ಒರೆಸಿದಳು, ಅಷ್ಟರಲ್ಲಿ ಓಡಿ ಬಂದಳು ನಿಜವಾದವಳು, ಒರೆಸುವ ಕೋಲು ಹಿಡಿದು, ಎದೆಯ ಮೇಲಿನ ಪಟ್ಟಿಯಲ್ಲಿ ಪ್ರೇಮ್‌ಲತಾ ಎಂದು ಬರೆದಿತ್ತು, ಬಿಡಿ ಮೇಡಂ, ಬಿಡಿ, ನೀವ್ಯಾಕೆ, ಎಂದು ಅವಳ ಕೈಯಿಂದ ಕಾಗದ ಕಿತ್ತುಕೊಂಡಳು, ಮೇಡಂ ಅಂದಳು, ಸ್ಪಷ್ಟವಾಗಿ ಮೇಡಂ ಅಂದಳು, ಅಲ್ಲಿದ್ದವರೆಲ್ಲರಿಗೂ ಕೇಳುವಂತೆ, ಮಾತಾಜಿಗೆ ಮಾತ್ರ ಕೇಳಿಸಲಿಲ್ಲ.

ಅಲ್ಲಿಗೆ ಮುಗಿದಿದ್ದರೆ! ಕೋಣೆಗೆ ಬಂದ ಮೇಲೆ ಕೇಳಿದಳು, ಯಾಕೆ ಹೇಳಲಿಲ್ಲ ಕ್ಲೈವ್, ಅವನು ಅಂಗಿ ಬದಲಾಯಿಸುತ್ತಾ, ಹೇಳಿದ್ರೆ ಮಾತಾಜಿಗೆ ಎಷ್ಟು ಬೇಜಾರಾಗ್ತಿತ್ತು ಗೊತ್ತುಂಟಾ, ಹಾರ್ಟ್ ಪೇಷಂಟ್ ಅವರು, ಸರ್‌ಗೂ ಮುಜುಗರ, ಒಂದು ನಿಮಿಷದ ವಿಷಯ, ದೊಡ್ಡದು ಮಾಡ್ಬೇಡ, ಅಂದ. ಒಂದು ನಿಮಿಷದ ವಿಷಯ ಇಡೀ ರಜೆಯ ವಿಷಯವಾಯಿತು, ಮೊದಲ ದಿನ ಹೇಳದ್ದನ್ನು ಎರಡನೇ ದಿನ ಹೇಗೆ ಹೇಳುವುದು, ಸಭರ್‌ವಾಲರ ಹೆಂಡತಿ ಅವಳನ್ನು ಬದಿಗೆ ಕರೆದು ತೋಳು ಹಿಡಿದು, ಜಾನಿಸ್ ಡಿಯರ್, ಮಮ್ಮಿಗೆ ಗೊತ್ತಾದರೆ ನಾಚಿಕೆಯಿಂದ ಸತ್ತೇ ಹೋಗ್ತಾರೆ, ನೀನು ತುಂಬಾ ಸ್ವೀಟ್, ಎಂದರು, ಸ್ವೀಟ್ ಅಂತೆ, ಹಾಗಾಗಿ ಮಾತಾಜಿ ನೀರು ಕೇಳಿದರು, ಅವಳು ಕೊಟ್ಟಳು, ಮಾತಾಜಿ ಕೊಡೆ ಹಿಡಿಯಲು ಹೇಳಿದರು, ಹಿಡಿದಳು, ಊಟದ ಮೇಜಿನಲ್ಲಿ ಅವಳು ದೂರದ ತುದಿಯಲ್ಲಿ ಕೂರುವಂತೆ ಹೇಗೋ ಏರ್ಪಾಡಾಗುತ್ತಿತ್ತು, ಮಾತಾಜಿಗೆ ಕಾಣದ ಕಡೆ, ಮತ್ತು ಕ್ಲೈವ್ ಎಲ್ಲರ ನಡುವೆ, ಮಾತಾಜಿಗೆ ಮೀನಿನ ಮುಳ್ಳು ಬಿಡಿಸಿ ಕೊಡುತ್ತಾ. ಮೈರಾಳಿಗೆ ಏನು ಹೇಳಿದನೋ, ಮಗು ಮಾತಾಜಿಯ ಎದುರು ಅವಳನ್ನು ಮಮ್ಮಾ ಎಂದು ಕರೆಯುವುದನ್ನೇ ಬಿಟ್ಟಿತು. ಇಟ್ಸ್ ಅ ಗೇಮ್, ಡ್ಯಾಡಾ ಸೆಡ್, ಅಂದಿತು ಕೇಳಿದರೆ. ಆಟ!

ಕ್ರಿಸ್ಮಸ್ ಬೆಳಿಗ್ಗೆ ಪೂಜೆಗೆ ನಾನೇ ಕರ್ಕೊಂಡು ಹೋಗ್ತೇನೆ, ಪ್ರಾಮಿಸ್. ಕ್ರಿಸ್ಮಸ್ ಬೆಳಿಗ್ಗೆ ಸಭರ್‌ವಾಲರು ಹವಳದ ದಂಡೆಗೆ ಮೀನು ನೋಡಲು ದೋಣಿ ಗೊತ್ತುಮಾಡಿದ್ದರು, ಕ್ಲೈವ್ ಕೊಳವೆಯ ಮುಖವಾಡ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ದೇವರಿಗೆ ಅರ್ಥ ಆಗ್ತದೆ ಜಾನಿಸ್, ಸರ್‌ಗೆ ಆಗೋದಿಲ್ಲ, ಅಂದ, ಅದು ಜೋಕು ಎಂದುಕೊಂಡು ಅವನೇ ನಕ್ಕ, ಮೈರಾಳೂ ಅವನ ಜೊತೆ ಹೋದಳು. ಅವಳು ಸೀರೆ ಉಟ್ಟು ಒಬ್ಬಳೇ ಹೊರಟು ಹೋಟೆಲಿನ ಕೌಂಟರಿನವನನ್ನು ಕೇಳಿದಳು, ಅವನು ಅಂದ, ಪಕ್ಕದ ದೊಡ್ಡ ದ್ವೀಪದ ಹಳ್ಳಿಯಲ್ಲಿ ಕಥೋಲಿಕ ಚರ್ಚಿದೆ, ಹೋಟೆಲಿನ ಕೆಲಸದವರನ್ನು ಪಾಳಿ ಬಿಟ್ಟು ಮನೆಗೆ ಒಯ್ಯುವ ದೋಣಿ ಈಗ ಹೊರಡುತ್ತದೆ, ಬರುವುದಾದರೆ ಬನ್ನಿ ಮೇಡಂ. ಹತ್ತಿದಳು. ಎದುರಿಗೆ ಪ್ರೇಮ್‌ಲತಾ, ಯೂನಿಫಾರ್ಮ್ ಬಿಚ್ಚಿ ಹಸಿರು ಚೂಡಿದಾರ್, ಮಡಿಲಲ್ಲಿ ಮಕ್ಕಳಿಗೆಂದು ಕೇಕಿನ ಪೊಟ್ಟಣ. ನೀರನ್ನೇ ನೋಡುತ್ತಾ ಕೂತಿದ್ದ ಪ್ರೇಮ್‌ಲತಾ ಒಮ್ಮೆಲೇ ಕೇಳಿದಳು, ಸಿಟ್ಟಿನಲ್ಲಿ, ಹೌದು ಸಿಟ್ಟೇ ಅದು, ಅವತ್ತು ಯಾಕೆ ಒರೆಸಿದಿರಿ, ನನ್ನ ಸೂಪರ್‌ವೈಸರ್ ನೋಡಿದ, ಗೆಸ್ಟ್ ಕೈಯಲ್ಲಿ ಕೆಲಸ ಮಾಡಿಸ್ತೀಯಾ ಎಂದು ಎಲ್ಲರ ಎದುರು ಬೈದ, ನಾನಾದರೆ ಸಂಬಳಕ್ಕೆ ಒರೆಸ್ತೇನೆ, ನೀವು ಯಾಕೆ ಒರೆಸಿದಿರಿ? ಸಾರಿ, ಅಂದಳು ಜಾನಿಸ್. ಪ್ರೇಮ್‌ಲತಾ ತಲೆಯಾಡಿಸಿ, ಪೊಟ್ಟಣ ಬಿಚ್ಚಿ ಕೇಕಿನ ಒಂದು ತುಂಡು ಮುರಿದು ಕೊಟ್ಟಳು, ತಿನ್ನಿ, ಹಬ್ಬ ಅಲ್ವಾ ನಿಮ್ಮದು. ಆ ವರ್ಷದ ಕ್ರಿಸ್ಮಸಿಗೆ ಯಾರಾದರೂ ಅವಳಿಗೆ ಹಬ್ಬ ಎಂದದ್ದು ಅದೊಂದೇ. ಚರ್ಚಿನಲ್ಲಿ ಚಾಪೆ ಹಾಸಿದ್ದರು, ಭಾಷೆ ತಿಳಿಯಲಿಲ್ಲ, ರಾಗ ತಿಳಿಯಿತು, ನಾಲ್ಕು ದಿಕ್ಕಿನಿಂದ ಏಳುವ ಆ ಗಂಟಲುಗಳ ನಡುವೆ ಅವಳು ಕೊಂಕಣಿಯಲ್ಲೇ ಆಲ್ಟೋ ಹಾಡಿದಳು, ಯಾರೂ ತಿರುಗಿ ನೋಡಲಿಲ್ಲ, ಅಥವಾ ನೋಡಿ ನಕ್ಕು ಜಾಗ ಮಾಡಿಕೊಟ್ಟರು.

ಇದು ಅವನ ಕಥೆಯಲ್ಲಿ ಎಲ್ಲಿದೆ? ಇಲ್ಲ. ಅವನ ಕಥೆಯಲ್ಲಿರುವುದು ಎಳನೀರಿನ ಟ್ರೇ, ಹೂವಿನ ಅಂಗಿ, ಹೆಂಡತಿಯ ಪೆಚ್ಚು ಮೋರೆ, ಮತ್ತು ಇಷ್ಟೆಲ್ಲ ಆದ ಮೇಲೆ ದೋಹಾಕ್ಕೆ ಬಂದ ಹತ್ತೇ ದಿನಕ್ಕೆ ಪ್ರೊಮೋಷನ್, ಕ್ಲೈವ್ ಈಸ್ ಫ್ಯಾಮಿಲಿ ಎಂದರಂತೆ ಸಭರ್‌ವಾಲ್. ಮೊನ್ನೆ ರಾತ್ರಿಯೂಟದ ಹೊತ್ತಿಗೆ ಅನ್ನ ಕಲಸುತ್ತಾ ಹಗುರವಾಗಿ ಹೇಳಿದನಲ್ಲ, ಬರುವ ಗುರುವಾರ ಸರ್ ಮನೆಯಲ್ಲಿ ಪಾರ್ಟಿ, ಮಾತಾಜಿ ದೋಹಾಕ್ಕೆ ಬರ್ತಾರೆ, ನಾವೂ ಹೋಗ್ಬೇಕು. ಮಾತಾಜಿಗೆ ನಾನು ಯಾರು ಅಂತ ಹೇಳಿದ್ದಾರಾ? ಅವನು ಸಾರು ಬಡಿಸಿಕೊಂಡು, ಇಲ್ಲ, ಈಗ ಹೇಳಿದ್ರೆ ಚೆನ್ನಾಗಿರೋದಿಲ್ಲ, ನೀನು ಒಂದು ಕೆಲ್ಸ ಮಾಡು, ಅಡುಗೆಮನೆಯಲ್ಲಿ ಮ್ಯಾಡಮ್‌ಗೆ ಸ್ವಲ್ಪ ಹೆಲ್ಪ್ ಮಾಡ್ತಾ ಇರು, ಹೊರಗೆ ಜಾಸ್ತಿ ಬರ್ಬೇಡ, ಅವರು ಬೇಗ ಮಲಗ್ತಾರೆ. ಕಡಲಾಚೆಯ ದ್ವೀಪದ ಆಟವನ್ನು ಇವನು ದೋಹಾಕ್ಕೆ ತರುತ್ತಿದ್ದಾನೆ, ವಿಮಾನದಲ್ಲಿ, ಲಗೇಜಿನ ಹಾಗೆ. ಅವಳು ತಟ್ಟೆ ಎತ್ತಿದಳು. ಉಸಿರು ಹಿಡ್ಕೊಳ್ಳಿ, ಅಲ್ಲಾಡ್ಬೇಡಿ. ಖಲಾಸ್, ಬಿಡಿ, ಎಂದು ಅವಳಿಗೆ ಯಾರು ಹೇಳಬೇಕು?

ಹೊರಗೆ ಕಥೆ ತುದಿ ಮುಟ್ಟುತ್ತಿದೆ, ಕ್ಲೈವನ ದನಿ ಏರಿದೆ, ಮಾತಾಜಿ ಹೇಳ್ತಾರೆ, ಏ ಲಡ್ಕೀ, ಇವಳು ಯೆಸ್ ಮ್ಯಾಡಂ ಅಂತಾಳೆ ಮಾರಾಯ್ರೆ, ಯೆಸ್ ಮ್ಯಾಡಂ, ಟ್ರೇ ತಗೊಂಡು ಸರ್ವ್ ಮಾಡ್ಲಿಕ್ಕೆ ಶುರು ಮಾಡಿದ್ಲು, ನಮಗೆಲ್ಲ ನಗು ತಡೀಲಿಕ್ಕೆ ಆಗ್ಲಿಲ್ಲ — ಮುದ್ದುಕೃಷ್ಣ ಹೊಟ್ಟೆ ಹಿಡಿದು ನಗುತ್ತಿದ್ದಾರೆ, ಕಾಂತಕ್ಕನೂ ನಕ್ಕರೇ, ಸೆರಗಿನ ಹಿಂದೆ, ಮರ್ಯಾದೆಗೆ, ಆಗ ಒಂದು ಸಣ್ಣ ದನಿ, ಗಾಜಿನ ಚೂರಿನಂತೆ, ಆ್ಯಂಡ್ ದೆನ್ ಶಿ ಗಾಟ್ ಅ ಟಿಪ್! ಮಮ್ಮಾಗೆ ಟಿಪ್ ಸಿಕ್ತು! ಮೈರಾ. ಮೈರಾ, ಮಾತಾಜಿಯ ಪಕ್ಕದಲ್ಲೇ ಕೂತಿದ್ದವಳು, ಯಾರ ಚಪ್ಪಲಿಯ ಸುತ್ತ ಅವಳು ಒರೆಸಿದಳೋ ಆ ಮೈರಾ, ಕಣ್ಣಾರೆ ಕಂಡವಳು, ಈಗ ಅಪ್ಪನ ಕಥೆಗೆ ತನ್ನದೊಂದು ಸಾಲು ಸೇರಿಸುತ್ತಿದ್ದಾಳೆ, ಎಲ್ಲರೂ ನಗಲಿ ಎಂದು, ನಕ್ಕರು, ಕ್ಲೈವ್ ಎಲ್ಲರಿಗಿಂತ ಜೋರಾಗಿ ನಕ್ಕು ಮಗಳ ಅಂಗೈಗೆ ಅಂಗೈ ಬಡಿದ, ಚಟ್ ಎಂದು ಸದ್ದಾಯಿತು.

ಸಾನ್ನದ ತಟ್ಟೆ ಕೈಯಲ್ಲಿದೆ. ಬಾಗಿಲನ್ನು ಕಾಲಿನಿಂದ ನೂಕಿದಳು. ಮೇಜಿನ ನಡುವೆ ತಟ್ಟೆ ಇಟ್ಟಳು, ಬಡಿಸಲಿಲ್ಲ, ಖಾಲಿ ಕುರ್ಚಿ ಎಳೆದು ಕೂತಳು, ಕ್ಲೈವ್ ಕೊಂಕಣಿಯಲ್ಲಿ, ಗಸಿ ತಾ, ಎಂದ, ಅವಳು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ಮೈರಾ, ನಂಗೆ ಟಿಪ್ ಸಿಗ್ಲಿಲ್ಲ, ಅಂದಳು. ಟ್ರೇಯೂ ಇರ್ಲಿಲ್ಲ. ಹೂವಿನ ಅಂಗಿಯೂ ಇರ್ಲಿಲ್ಲ. ಕಾಂತಕ್ಕ, ನಾನು ನೆಲದಲ್ಲಿ ಕೂತು ಜ್ಯೂಸ್ ಒರೆಸಿದೆ, ಇವರೆಲ್ಲ ಟೇಬಲಲ್ಲಿ ಕೂತಿದ್ರು, ಯಾರೂ ನಗ್ಲಿಲ್ಲ ಆಗ, ನಗು ಇಲ್ಲಿ ಬಂದ ಮೇಲೆ ಬಂದದ್ದು, ಇದು ಕೆಲ್ಸದವಳಲ್ಲ, ಇದು ನನ್ನ ಹೆಂಡ್ತಿ, ಅಂತ ಹೇಳ್ಲಿಕ್ಕೆ ಒಬ್ಬರಿಗೂ ಬಾಯಿ ಬರ್ಲಿಲ್ಲ, ರಜೆ ಮುಗಿಯುವ ತನಕವೂ ಬರ್ಲಿಲ್ಲ, ಈಗ ಗುರುವಾರ ಮತ್ತೆ ನಾನು ಅಡುಗೆಮನೆಯಲ್ಲಿ ನಿಲ್ಬೇಕಂತೆ. ಜಾನಿಸ್, ಎಂತ ಇದು, ಜೋಕ್ ಅಲ್ವಾ, ಎಂದ ಕ್ಲೈವ್, ನಗು ಮುಖದ ಮೇಲಿಂದ ಇಳಿಯಲು ಮರೆತು ಅಲ್ಲೇ ನಿಂತಿತ್ತು. ಮುದ್ದುಕೃಷ್ಣ ಕೈ ಒರೆಸಿಕೊಂಡರು, ಒರೆಸಿಕೊಳ್ಳಲು ಏನೂ ಇರಲಿಲ್ಲ, ಇನ್ನೂ ಊಟ ಶುರುವಾಗಿರಲಿಲ್ಲ. ಕಾಂತಕ್ಕ ಸೆರಗು ಬಿಟ್ಟು ನೆಟ್ಟಗೆ ಕೂತು, ಎಷ್ಟು ವರ್ಷದ ಪರಿಚಯದಲ್ಲೂ ಕೇಳದ ದನಿಯಲ್ಲಿ, ನೀವಲ್ಲೇ ಇದ್ರಾ ಕ್ಲೈವ್, ಎಂದು ಕೇಳಿದರು. ಇದ್ದೆ, ಅಂದ್ರೆ, ಎದುರಿಗೇ ಇದ್ದೆ, ಆದ್ರೆ ನೋಡ್ಲಿಲ್ಲ ಕಾಂತಕ್ಕ. ನೋಡಿದಿ, ಅಂದಳು ಜಾನಿಸ್. ನೋಡ್ಲಿಲ್ಲ ಮಾರಾಯ್ತಿ. ಯು ಡಿಡ್ ಡ್ಯಾಡಾ, ಎಂದಿತು ಮೈರಾಳ ದನಿ, ಈಗ ಸಣ್ಣದಾಗಿ, ಯಾರನ್ನೂ ನಗಿಸುವುದಕ್ಕಲ್ಲ, ಯು ಲುಕ್ಡ್ ಆ್ಯಟ್ ಮಮ್ಮಾ ಆ್ಯಂಡ್ ಯು ಪುಟ್ ಆನ್ ಯುವರ್ ಕೂಲಿಂಗ್ ಗ್ಲಾಸ್.

ಗುರುವಾರ ನಾನು ಬರ್ತೇನೆ, ಎಂದಳು ಜಾನಿಸ್, ಅದು ಎಲ್ಲಿಂದ ಬಂತೋ, ಬಂದ ಮೇಲೆ ತನ್ನದೇ ಎಂದು ಗೊತ್ತಾಯಿತು, ಬರ್ತೇನೆ, ಮಾತಾಜಿಯ ಪಕ್ಕದ ಕುರ್ಚಿಯಲ್ಲಿ ಕೂತ್ಕೊಳ್ತೇನೆ, ನನ್ನ ಹೆಸ್ರು ನಾನೇ ಹೇಳ್ತೇನೆ, ನಿಂಗೆ ಮುಜುಗರ ಆಗೋದಾದ್ರೆ ನೀನು ಅಡುಗೆಮನೆಯಲ್ಲಿ ಇರು. ಮೈರಾ ಕುರ್ಚಿಯಿಂದ ಜಾರಿ ಬಂದು ಅವಳ ಮೊಣಕಾಲಿಗೆ ಒತ್ತಿ ನಿಂತಳು, ಮಮ್ಮಾ, ಎಂದಳು, ಅಷ್ಟೇ. ಕ್ಲೈವ್ ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಾ, ಮಡಚಿದ್ದನ್ನು ಬಿಡಿಸುತ್ತಾ, ಯಾರನ್ನೂ ನೋಡದೆ, ಬಿಸಿಲಿತ್ತು ಜಾನಿಸ್, ಅಂದ, ಕಣ್ಣಿಗೆ ಬಿಸಿಲು ಹೊಡೀತಿತ್ತು, ಅದಕ್ಕೆ ಹಾಕಿದ್ದು. ಬಿಸಿಲು. ಹುಲ್ಲಿನ ಚಪ್ಪರದ ಕೆಳಗೆ, ಜಿಟಿಜಿಟಿ ಮಳೆಯಲ್ಲಿ, ಸಮುದ್ರ ಬೂದಿ, ಆಕಾಶ ಬೂದಿ, ಅವಳು ಕುರ್ಚಿಯ ಬೆನ್ನು ಹಿಡಿದು ನೋಡುತ್ತಿದ್ದಾಳೆ, ಅವನೂ ನೋಡುತ್ತಿದ್ದಾನೆ, ಅವನ ಕೈ ಮೇಲೆ ಹೋಗುತ್ತದೆ, ತಲೆಯ ಮೇಲೆ ಏರಿಸಿಟ್ಟಿದ್ದ ಕೂಲಿಂಗ್ ಗ್ಲಾಸನ್ನು ಎರಡು ಬೆರಳಿನಲ್ಲಿ ಹಿಡಿಯುತ್ತದೆ, ಅವಸರವಿಲ್ಲ, ಕೂದಲು ಸಿಕ್ಕದ ಹಾಗೆ ಬಿಡಿಸಿ, ಹಣೆಯ ಮೇಲಿಂದ, ಹುಬ್ಬಿನ ಮೇಲಿಂದ, ಕೆಳಗೆ, ಕಣ್ಣಿನ ಮೇಲೆ, ಮತ್ತೆ ಆ ಎರಡು ಕಪ್ಪು ಗಾಜಿನಲ್ಲಿ ನೀಲಿ ಫ್ರಾಕಿನ ಹೆಂಗಸೊಬ್ಬಳು, ಇಷ್ಟೇ ಇಷ್ಟು, ಮೊಣಕಾಲು ಮಡಚುತ್ತಿದ್ದಾಳೆ, ಎಡಗಣ್ಣಿನಲ್ಲೊಬ್ಬಳು, ಬಲಗಣ್ಣಿನಲ್ಲೊಬ್ಬಳು, ಬಿಸಿಲಿರಲಿಲ್ಲ, ಕ್ಲೈವ್, ಬಿಸಿಲೇ ಇರಲಿಲ್ಲ, ಎರಡು ಬೆರಳು, ಹಣೆಯ ಮೇಲಿಂದ, ಕೆಳಗೆ —